ಬಾಗಿಲಿಗೆ ಬಂದ ಹೊಸಬರು: ಆದಿ ಕ್ರೈಸ್ತ ಸಮುದಾಯಗಳಲ್ಲಿ ಸ್ವಾಗತ ಮತ್ತು ನಿಯಮ



ಹೊಸ ಕಾಲೇಜಿಗೋ ವಿದ್ಯಾರ್ಥಿನಿಲಯಕ್ಕೋ ಸೇರಿದ ಮೊದಲ ವಾರದಲ್ಲಿ ನೀವು ಎರಡು ಬಗೆಯ ನಿಯಮಗಳನ್ನು ಕಂಡಿರುತ್ತೀರಿ. ಒಂದು, ಪ್ರವೇಶದ ಸಮಯದಲ್ಲಿ ಕೈಗಿತ್ತ ಪುಸ್ತಿಕೆಯಲ್ಲಿ ಅಚ್ಚಾದದ್ದು. ಅದನ್ನು ಹೆಚ್ಚಿನವರು ಓದುವುದಿಲ್ಲ. ಇನ್ನೊಂದು, ಎಲ್ಲಿಯೂ ಬರೆದಿಡದಂಥದ್ದು. ಊಟದ ಮನೆಯಲ್ಲಿ ಯಾವ ಬೆಂಚು ಯಾರದು, ಯಾರ ಎದುರಿಗೆ ಯಾವ ಮಾತು ಆಡಬಾರದು ಎಂಬಂಥ ನಿಯಮಗಳವು. ಅವನ್ನು ಮುರಿದು ಮುಖಭಂಗವಾದ ಮೇಲೆಯೇ ಅವು ಇವೆಯೆಂದು ನಮಗೆ ಗೊತ್ತಾಗುವುದು. ಹೊಸದಾಗಿ ಬಂದವರಿಗೆ ಸಮುದಾಯದ ಕಟ್ಟುಪಾಡುಗಳನ್ನು ಯಾರು ಹೇಳಬೇಕು, ಯಾವಾಗ ಹೇಳಬೇಕು, ಎಷ್ಟು ಹೇಳಬೇಕು, ಅದೇ ಕಟ್ಟುಪಾಡು ಹಳಬರಿಗೂ ಉಂಟೋ ಇಲ್ಲವೋ - ಇವು ಮನುಷ್ಯರು ಒಟ್ಟಾಗಿ ಸೇರಿದ ಕಡೆಯಲ್ಲೆಲ್ಲ ಏಳುವ ಪ್ರಶ್ನೆಗಳು.

ಈ ಪ್ರಶ್ನೆಗಳನ್ನು ಮೊದಲ ಐದಾರು ಶತಮಾನಗಳ ಕ್ರೈಸ್ತ ಸಮುದಾಯಗಳು ಹೇಗೆ ಎದುರಿಸಿದವು ಎಂಬುದನ್ನು ಇಲ್ಲಿ ನೋಡೋಣ. ಈ ಉದಾಹರಣೆಯನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಇವರು ತಮ್ಮ ಜಗಳಗಳನ್ನೂ ತೀರ್ಮಾನಗಳನ್ನೂ ಬರೆದಿಟ್ಟರು, ಆ ಬರಹಗಳಲ್ಲಿ ಸಾಕಷ್ಟು ಇಂದಿಗೂ ಉಳಿದಿವೆ. ಹೀಗಾಗಿ, ಸಾಮಾನ್ಯವಾಗಿ ಇತಿಹಾಸದ ಪುಸ್ತಕಗಳಲ್ಲಿ ಸ್ಥಾನ ಸಿಗದ ಒಬ್ಬ ವ್ಯಕ್ತಿಯನ್ನು, ಬಾಗಿಲಲ್ಲಿ ನಿಂತ ಹೊಸಬನನ್ನು, ನಾವು ಸ್ವಲ್ಪ ಹತ್ತಿರದಿಂದ ಕಾಣಬಹುದು.

ಒಂದು ಊಟದ ಪಂಕ್ತಿಯ ಜಗಳ

ಕ್ರಿ.ಶ. 49ರ ಆಸುಪಾಸು. ಇಂದು ತುರ್ಕಿಯ ದಕ್ಷಿಣದಲ್ಲಿರುವ ಅಂತಾಕ್ಯ ಪಟ್ಟಣವು ಆಗ ಅಂತಿಯೋಕ್ಯ ಎಂಬ ಹೆಸರಿನ ಮಹಾನಗರವಾಗಿತ್ತು. ಯೇಸುವಿನ ಅನುಯಾಯಿಗಳಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಿದ್ದದ್ದು ಈ ಊರಿನಲ್ಲಿಯೇ ಎಂದು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥ ತಿಳಿಸುತ್ತದೆ. ಅಲ್ಲಿಯವರೆಗೆ ಈ ಅನುಯಾಯಿಗಳು ಬಹುಮಟ್ಟಿಗೆ ಯೆಹೂದ್ಯರೇ. ಅವರು ಸುನ್ನತಿ ಮಾಡಿಸಿಕೊಂಡವರು, ಯೆಹೂದ್ಯ ಧರ್ಮಶಾಸ್ತ್ರದ ಆಹಾರ ನಿಯಮಗಳನ್ನು ಪಾಲಿಸುತ್ತಿದ್ದವರು. ಅಂತಿಯೋಕ್ಯದಲ್ಲಿ ಗ್ರೀಕರೂ ಗುಂಪಿಗೆ ಸೇರತೊಡಗಿದರು. ಆಗ ಯೂದಾಯದಿಂದ ಬಂದ ಕೆಲವರು, ಸುನ್ನತಿಯಾಗದೆ ಇವರಿಗೆ ರಕ್ಷಣೆಯಿಲ್ಲ ಎಂದು ಪಟ್ಟು ಹಿಡಿದರು. ಪೌಲ ಮತ್ತು ಬಾರ್ನಬ ಎಂಬ ಇಬ್ಬರು ಉಪದೇಶಕರು ಇದನ್ನು ಕಟುವಾಗಿ ವಿರೋಧಿಸಿದರು. ವಾದ ಬಗೆಹರಿಯದೆ, ವಿಷಯವು ಯೆರೂಸಲೇಮಿನ ಹಿರಿಯರ ಸಭೆಗೆ ಹೋಯಿತು.

ಈ ಸಭೆಯಲ್ಲಿ ಬಹಳ ಚರ್ಚೆ ನಡೆಯಿತೆಂದು ಗ್ರಂಥವೇ ಒಪ್ಪಿಕೊಳ್ಳುತ್ತದೆ. ಹಳಬರ ವಾದವನ್ನು ಹಗುರವಾಗಿ ತಳ್ಳಿಹಾಕಬೇಡಿ. ತಲೆತಲಾಂತರದಿಂದ, ಅನೇಕ ವೇಳೆ ಪ್ರಾಣವನ್ನೇ ಪಣವಾಗಿಟ್ಟು ಉಳಿಸಿಕೊಂಡ ಆಚಾರಗಳವು. ನಿನ್ನೆ ಬಂದವನಿಗೆ ಅದರಿಂದ ವಿನಾಯಿತಿ ಏಕೆ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಪೇತ್ರ ಮುಂದಿಟ್ಟ ವಾದ ಬೇರೆ. ನಾವಾಗಲಿ ನಮ್ಮ ಹಿರಿಯರಾಗಲಿ ಹೊರಲಾರದೆ ಹೋದ ನೊಗವನ್ನು ಇವರ ಕೊರಳಿಗೆ ಏಕೆ ಹಾಕಬೇಕು ಎಂಬುದು ಅದರ ಸಾರ. ಕೊನೆಗೆ ಯಾಕೋಬನ ಅಭಿಪ್ರಾಯದಂತೆ ತೀರ್ಮಾನವಾಯಿತು. ಸುನ್ನತಿ ಬೇಡ. ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ವ್ಯಭಿಚಾರ - ಇಷ್ಟನ್ನು ಬಿಟ್ಟರೆ ಸಾಕು. ಈ ಪಟ್ಟಿಯಲ್ಲಿ ಮೂರು ಸಂಗತಿಗಳು ಊಟಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಯೆಹೂದ್ಯರೂ ಗ್ರೀಕರೂ ಒಂದೇ ಪಂಕ್ತಿಯಲ್ಲಿ ಕೂರಲು ಬೇಕಾದ ಕನಿಷ್ಠ ಒಪ್ಪಂದ ಇದು ಎಂದು ಹಲವು ವಿದ್ವಾಂಸರು ಅರ್ಥೈಸುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ.

ತೀರ್ಮಾನವನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರವಾಗಿ ಬರೆದು, ಇಬ್ಬರು ಪ್ರತಿನಿಧಿಗಳ ಕೈಯಲ್ಲಿ ಅಂತಿಯೋಕ್ಯಕ್ಕೆ ಕಳುಹಿಸಲಾಯಿತು. ಹಿಂದೆ ನಮ್ಮ ಕಡೆಯಿಂದ ಹೋಗಿ ನಿಮಗೆ ತೊಂದರೆ ಕೊಟ್ಟವರಿಗೆ ನಾವು ಅಂಥ ಅಪ್ಪಣೆ ಕೊಟ್ಟಿರಲಿಲ್ಲ ಎಂದು ಹಿರಿಯರು ಅದರಲ್ಲಿ ಸ್ಪಷ್ಟವಾಗಿ ಬರೆದರು. ಪತ್ರದ ಒಕ್ಕಣೆ ಹೊಸಬರನ್ನು ‘ಸಹೋದರರೇ’ ಎಂದೇ ಸಂಬೋಧಿಸಿತ್ತು.

ಹೀಗೆಂದ ಮಾತ್ರಕ್ಕೆ ಎಲ್ಲವೂ ಸುಗಮವಾಯಿತೆಂದು ತಿಳಿಯಬೇಡಿ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ಅದೇ ಅಂತಿಯೋಕ್ಯದಲ್ಲಿ ಪೇತ್ರನು ಗ್ರೀಕರೊಡನೆ ಕೂಡಿ ಊಟ ಮಾಡುತ್ತಿದ್ದನು. ಯಾಕೋಬನ ಕಡೆಯ ಕೆಲವರು ಬಂದ ಕೂಡಲೇ ಅಂಜಿ ಪಂಕ್ತಿಯಿಂದ ದೂರ ಸರಿದನು. ಪೌಲನು ಎಲ್ಲರೆದುರಿಗೆ ಅವನನ್ನು ಆಕ್ಷೇಪಿಸಿದನು. ಹೊಸಬರಿಗೆ ಬಾಗಿಲು ತೆರೆದಿದೆಯೋ ಇಲ್ಲವೋ ಎಂಬುದು ಸಭೆಯ ನಿರ್ಣಯದಿಂದಲ್ಲ, ಮರುದಿನ ಊಟಕ್ಕೆ ಯಾರ ಪಕ್ಕದಲ್ಲಿ ಯಾರು ಕೂತರು ಎಂಬುದರಿಂದ ತಿಳಿಯುತ್ತಿತ್ತು. ಪಂಕ್ತಿಭೇದದ ಚರಿತ್ರೆಯನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬರಮಾಡಿಕೊಳ್ಳಿ, ಆಮೇಲೆ ಪರೀಕ್ಷಿಸಿ

ಈ ಘಟನೆಯಾಗಿ ಅರ್ಧ ಶತಮಾನ ಕಳೆದ ಮೇಲೆ, ಮೊದಲನೆಯ ಶತಮಾನದ ಕೊನೆಗೋ ಎರಡನೆಯ ಶತಮಾನದ ಆದಿಗೋ, ಒಂದು ಪುಟ್ಟ ಕೈಪಿಡಿ ಹುಟ್ಟಿತು. ಅದರ ಗ್ರೀಕ್ ಹೆಸರು ‘ದಿದಖೆ’, ಎಂದರೆ ಉಪದೇಶ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಪುಸ್ತಕದ ಹಸ್ತಪ್ರತಿಯನ್ನು 1873ರಲ್ಲಿ ಫಿಲೊಥಿಯೋಸ್ ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ಪಾದ್ರಿ ಇಸ್ತಾಂಬುಲ್ ನಗರದಲ್ಲಿ ಪತ್ತೆ ಮಾಡಿ, 1883ರಲ್ಲಿ ಅಚ್ಚು ಹಾಕಿಸಿದರು.

ಆ ಕಾಲದಲ್ಲಿ ಊರೂರು ಸುತ್ತುವ ಬೋಧಕರು ಬಹಳ. ಅವರಲ್ಲಿ ನಿಜವಾದವರೂ ಇದ್ದರು, ಅನ್ನಕ್ಕಾಗಿ ವೇಷ ಹಾಕಿದವರೂ ಇದ್ದರು. ಕೈಪಿಡಿ ಹೇಳುವ ಕ್ರಮ ಸರಳವಾದದ್ದು. ಬಂದವರನ್ನು ಮೊದಲು ಬರಮಾಡಿಕೊಳ್ಳಬೇಕು, ಅನಂತರ ಪರೀಕ್ಷಿಸಿ ತಿಳಿಯಬೇಕು. ದಾರಿಹೋಕನಾದರೆ ಕೈಲಾದ ಸಹಾಯ ಮಾಡಿ, ಅವನು ಎರಡು ಅಥವಾ ಮೂರು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಅಲ್ಲೇ ನೆಲೆಸಬೇಕೆಂದರೆ, ಕಸುಬು ಬಲ್ಲವನು ದುಡಿದು ಉಣ್ಣಲಿ. ಕಸುಬು ಇಲ್ಲದಿದ್ದರೆ ಅವನು ಸೋಮಾರಿಯಾಗಿ ಕೂರದಂತೆ ಬದುಕುವ ದಾರಿಯನ್ನು ನೀವೇ ಯೋಚಿಸಿ ಮಾಡಿಕೊಡಿ. ಪ್ರವಾದಿಯೆಂದು ಹೇಳಿಕೊಂಡು ಬಂದವನು ಮೂರು ದಿನ ಉಳಿದರೆ, ಇಲ್ಲವೆ ಹೊರಡುವಾಗ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ! ಬಡ ಹಳ್ಳಿಯೊಂದರ ಲೆಕ್ಕಾಚಾರದ ಜಾಣತನ ಇದರಲ್ಲಿ ಎದ್ದು ಕಾಣುತ್ತದೆ.

ಮುಂದೆ ಗುಂಪು ಬೆಳೆದಂತೆ ಕ್ರಮವೂ ಬಿಗಿಯಾಯಿತು. ದೀಕ್ಷಾಸ್ನಾನಕ್ಕೆ ಮೊದಲು ದೀರ್ಘಕಾಲ ಪಾಠ ಕೇಳಬೇಕಾದ ‘ಉಪದೇಶಾರ್ಥಿ’ಗಳ ವರ್ಗವೊಂದು ಏರ್ಪಟ್ಟಿತು. ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಹೆಸರಿನ ಪ್ರಾಚೀನ ಗ್ರಂಥವು ಇದರ ವಿವರಗಳನ್ನು ಕೊಡುತ್ತದೆ. ಇದನ್ನು ರೋಮಿನ ಹಿಪ್ಪೊಲಿಟಸ್ ಬರೆದನೆಂದು ಹಿಂದೆ ನಂಬಿದ್ದರು, ಈಗಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಈ ಗ್ರಂಥದ ಪ್ರಕಾರ ಹೊಸಬನು ಒಬ್ಬನೇ ಬರುವಂತಿಲ್ಲ, ಅವನನ್ನು ಬಲ್ಲ ಸದಸ್ಯರು ಕರೆತಂದು ಸಾಕ್ಷಿ ನುಡಿಯಬೇಕು. ಆಮೇಲೆ ಅವನ ಕಸುಬಿನ ವಿಚಾರಣೆ. ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್, ವೇಶ್ಯಾಗೃಹ ನಡೆಸುವವನು ಮೊದಲಾದವರು ಆ ಕಸುಬನ್ನು ಬಿಡಬೇಕು, ಇಲ್ಲವೆ ಹಿಂದಿರುಗಬೇಕು. ಮಕ್ಕಳಿಗೆ ಲೌಕಿಕ ವಿದ್ಯೆ ಕಲಿಸುವ ಮೇಷ್ಟ್ರ ವಿಷಯದಲ್ಲಿ ಗ್ರಂಥ ತುಸು ಮೆತ್ತಗಾಗುತ್ತದೆ. ಬಿಟ್ಟರೆ ಒಳ್ಳೆಯದು, ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮುಂದುವರಿಯಲಿ! (ಹೋಮರನ ದೇವತೆಗಳ ಕಥೆಗಳನ್ನು ಕಲಿಸದೆ ಆಗಿನ ಪಾಠಶಾಲೆ ನಡೆಯುತ್ತಿರಲಿಲ್ಲವಾದ್ದರಿಂದ ಈ ಅನುಮಾನ.) ಕಲಿಕೆಯ ಅವಧಿ ಮೂರು ವರ್ಷ. ಆದರೆ ಶ್ರದ್ಧೆಯುಳ್ಳವನ ವಿಷಯದಲ್ಲಿ ಕಾಲವನ್ನಲ್ಲ, ನಡತೆಯನ್ನು ನೋಡಬೇಕೆಂದೂ ಅದು ಹೇಳುತ್ತದೆ.

ಮೂರು ವರ್ಷ ಕಾಯಿಸುವುದು ಸ್ವಾಗತವೇ, ತಡೆಗೋಡೆಯೇ? ಎರಡೂ ಹೌದು. ಕ್ರೈಸ್ತರಾಗುವುದು ಅಪಾಯಕರವಾಗಿದ್ದ ದಿನಗಳಲ್ಲಿ, ಏನನ್ನು ಒಪ್ಪಿಕೊಳ್ಳುತ್ತಿದ್ದೇನೆಂದು ಪೂರ್ತಿ ತಿಳಿದೇ ಒಳಗೆ ಬರಲು ಹೊಸಬನಿಗೆ ಅವಕಾಶವಿರಬೇಕಿತ್ತು. ಗುಂಪಿಗೂ ಗೂಢಚಾರರ ಭಯವಿತ್ತು. ಆದರೆ ಇದರ ಭಾರ ಎಲ್ಲರ ಮೇಲೆ ಸಮನಾಗಿ ಬೀಳಲಿಲ್ಲ. ಒಡೆಯ ಕ್ರೈಸ್ತನಾಗಿದ್ದರೆ, ಗುಲಾಮನು ಅವನ ಅಪ್ಪಣೆಯಿಲ್ಲದೆ ಪಾಠ ಕೇಳಲೂ ಬರುವಂತಿರಲಿಲ್ಲ.

ಆಕಳಿಸುವ ಕೇಳುಗ

313ರ ನಂತರ ಚಿತ್ರ ಬದಲಾಯಿತು. ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಚಕ್ರವರ್ತಿಗಳು ಕ್ರೈಸ್ತರಿಗೆ ಧಾರ್ಮಿಕ ಸ್ವಾತಂತ್ರ್ಯ ನೀಡಿದ ಮೇಲೆ ಅಪಾಯದ ಜಾಗದಲ್ಲಿ ಅನುಕೂಲ ಬಂದು ಕುಳಿತಿತು. ಜನ ತಂಡೋಪತಂಡವಾಗಿ ಬಂದರು. ಮದುವೆಗಾಗಿ, ಹುದ್ದೆಗಾಗಿ, ದೊಡ್ಡವರ ಕೃಪೆಗಾಗಿ ಬಂದವರೂ ಇದ್ದರು. ಅನೇಕರು ಉಪದೇಶಾರ್ಥಿಗಳಾಗಿ ಹೆಸರು ಬರೆಸಿ ದೀಕ್ಷಾಸ್ನಾನವನ್ನು ವರ್ಷಗಟ್ಟಲೆ ಮುಂದೂಡುತ್ತಿದ್ದರು. ಸ್ವತಃ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ.

ಈ ಕಾಲದ ಒಂದು ಅಪರೂಪದ ದಾಖಲೆಯ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕ್ರಿ.ಶ. 400ರ ಸುಮಾರಿನಲ್ಲಿ, ಇಂದಿನ ಟ್ಯುನೀಸಿಯಾದಲ್ಲಿರುವ ಕಾರ್ಥೇಜ್ ನಗರದ ಸಭಾಸೇವಕನೊಬ್ಬ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನನಿಗೆ ಒಂದು ಅಳಲನ್ನು ತೋಡಿಕೊಂಡನು. ಅವನ ಹೆಸರು ದೇಓಗ್ರಾತಿಯಾಸ್. ಹೊಸಬರಿಗೆ ಮೊದಲ ಪಾಠ ಹೇಳುವುದು ಅವನ ಕೆಲಸ. ಜನ ಅವನನ್ನು ಒಳ್ಳೆಯ ಬೋಧಕನೆಂದೇ ತಿಳಿದು ಹೊಸಬರನ್ನು ಕರೆತರುತ್ತಿದ್ದರು. ಅವನಿಗೆ ಮಾತ್ರ ತನ್ನ ಮಾತು ಉದ್ದವಾಗಿ, ಸಪ್ಪೆಯಾಗಿ, ತನಗೇ ಬೇಸರ ಬರುವಂತಿದೆ ಎಂಬ ಕೊರಗು. ಎಲ್ಲಿಂದ ಆರಂಭಿಸಬೇಕು, ಎಲ್ಲಿಗೆ ನಿಲ್ಲಿಸಬೇಕು, ಕೊನೆಯಲ್ಲಿ ಬುದ್ಧಿವಾದ ಹೇಳಬೇಕೇ ಅಥವಾ ನಿಯಮಗಳನ್ನಷ್ಟೇ ತಿಳಿಸಿದರೆ ಸಾಕೇ?

ಅಗಸ್ಟೀನನು ಇದಕ್ಕೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದನು. ಏನೂ ತಿಳಿಯದವರಿಗೆ ಆರಂಭದ ಉಪದೇಶ ಮಾಡುವ ಬಗೆಯನ್ನು ಕುರಿತದ್ದು ಆ ಪುಸ್ತಕ. ಅವನು ಬಾಲ್ಯದಲ್ಲಿಯೇ ಉಪದೇಶಾರ್ಥಿಯಾಗಿ ಸೇರಿ, ಎಲ್ಲೆಲ್ಲೋ ಅಲೆದು, 387ರಲ್ಲಿ, ಮೂವತ್ತೆರಡು ವರ್ಷದವನಾಗಿದ್ದಾಗ, ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದವನು. ಬಾಗಿಲಲ್ಲಿ ನಿಲ್ಲುವುದೆಂದರೇನೆಂದು ಅವನಿಗೆ ಗೊತ್ತಿತ್ತು.

ಅವನ ಮೊದಲ ಸಮಾಧಾನ ಹೀಗಿದೆ. ನನ್ನ ಮಾತೂ ನನಗೆ ಯಾವಾಗಲೂ ಅತೃಪ್ತಿ ತರುತ್ತದೆ, ಆದರೆ ನಮಗೆ ಸಪ್ಪೆಯೆನಿಸಿದ್ದು ಕೇಳುವವನಿಗೂ ಸಪ್ಪೆಯೆನಿಸಬೇಕಾಗಿಲ್ಲ. ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳಬೇಕಲ್ಲ ಎಂಬ ಬೇಸರಕ್ಕೆ ಅವನು ಕೊಡುವ ಹೋಲಿಕೆ ಸೊಗಸಾಗಿದೆ. ನಾವು ದಿನವೂ ನೋಡಿ ಉದಾಸೀನರಾದ ನಮ್ಮ ಊರಿನ ಸುಂದರ ತಾಣಗಳನ್ನು ಹೊರಗಿನ ಗೆಳೆಯನಿಗೆ ತೋರಿಸುವಾಗ, ಅವನ ಸಂತೋಷದಿಂದ ನಮ್ಮ ಸಂತೋಷವೂ ಹೊಸದಾಗುವುದಿಲ್ಲವೇ?

ಮುಂದಿನ ಸಲಹೆಗಳು ತೀರ ವ್ಯಾವಹಾರಿಕ. ಬಂದವನು ಏಕೆ ಬಂದನೆಂದು ಮೊದಲು ವಿಚಾರಿಸಬೇಕು, ಸಾಧ್ಯವಾದರೆ ಅವನನ್ನು ಬಲ್ಲವರಿಂದಲೂ ತಿಳಿದುಕೊಳ್ಳಬೇಕು. ಲಾಭದ ಆಸೆಯಿಂದ ಬಂದವನೇ ಆದರೂ ಕೂಡಲೇ ಅವನನ್ನು ಬಯಲಿಗೆಳೆಯಬಾರದು. ಅವನು ಬಾಯಲ್ಲಿ ಹೇಳಿದ ಒಳ್ಳೆಯ ಉದ್ದೇಶವನ್ನೇ ಹಿಡಿದು ಮುಂದುವರಿದರೆ, ಹೇಳಿದ್ದು ನಿಜವಾಗಬೇಕೆಂಬ ಆಸೆ ಅವನಿಗೇ ಹುಟ್ಟೀತು. ಓದಿಕೊಂಡವನು ಬಂದರೆ ಅವನಿಗೆ ಗೊತ್ತಿರುವುದನ್ನೇ ಹೇಳಿ ಪೀಡಿಸಬೇಡ, ಯಾವ ಪುಸ್ತಕಗಳು ಅವನ ಮನಸ್ಸನ್ನು ಇತ್ತ ತಿರುಗಿಸಿದವೆಂದು ಕೇಳು. ವ್ಯಾಕರಣ, ಅಲಂಕಾರ ಕಲಿತು ಬೀಗುವವನಿಗೆ ಮಾತ್ರ ಒಂದು ಎಚ್ಚರಿಕೆ ಬೇಕು. ಸಭೆಯಲ್ಲಿ ಯಾರಾದರೂ ತಪ್ಪು ವ್ಯಾಕರಣದಲ್ಲಿ ಪ್ರಾರ್ಥಿಸಿದರೆ ಅವನು ನಗಬಾರದು.

ಕೇಳುತ್ತಿರುವವನು ಆಕಳಿಸಿದರೆ? ಅಗಸ್ಟೀನನು ಅವನನ್ನು ಗದರಿಸುವುದಿಲ್ಲ. ಆಗ ಪುರಾತನ ಆಫ್ರಿಕದ ಸಭೆಗಳಲ್ಲಿ ಬೋಧಕ ಕೂತು ಮಾತಾಡುತ್ತಿದ್ದನು, ಜನ ನಿಂತು ಕೇಳುತ್ತಿದ್ದರು. ಆಕಳಿಸುವವನ ಕಾಲು ಸೋತಿರಬೇಕು, ಎದ್ದು ಹೋಗಬೇಕೆನಿಸಿದರೂ ಹೇಳಲು ಸಂಕೋಚಪಡುತ್ತಿರಬೇಕು. ಒಂದು ಹಾಸ್ಯದ ಮಾತು ಹೇಳು, ಇಲ್ಲವೆ ಅವನಿಗೆ ಕುಳಿತುಕೊಳ್ಳಲು ಆಸನ ಕೊಡು. ಸಮುದ್ರದಾಚೆಯ ಕೆಲವು ಸಭೆಗಳಲ್ಲಿ ಜನರಿಗೂ ಆಸನವಿದೆ, ಅದೇ ಒಳ್ಳೆಯ ಪದ್ಧತಿ ಎಂದೂ ಸೇರಿಸುತ್ತಾನೆ. ದೇವತಾಶಾಸ್ತ್ರದ ಘನ ಗ್ರಂಥಗಳನ್ನು ಬರೆದ ಪಂಡಿತನೊಬ್ಬ ಹೊಸಬನ ಕಾಲುನೋವಿನ ಬಗ್ಗೆ ಚಿಂತಿಸಿದ್ದು ನನಗೆ ಆ ಘನ ಗ್ರಂಥಗಳಷ್ಟೇ ಮುಖ್ಯವಾಗಿ ತೋರುತ್ತದೆ.

ಆದರೆ ಇದೇ ಪುಸ್ತಕದಲ್ಲಿ ಒಂದು ಕಹಿ ಸತ್ಯವೂ ಇದೆ. ಹೊಸಬನಿಗೆ ಮೊದಲ ದಿನವೇ ಇದನ್ನು ಹೇಳಿಬಿಡಬೇಕೆಂದು ಅಗಸ್ಟೀನನ ಸೂಚನೆ: ಒಳಗೆ ಬಂದ ಮೇಲೆ ನೀನು ಕುಡುಕರನ್ನು ಕಾಣುವೆ, ಲೋಭಿಗಳನ್ನು, ಮೋಸಗಾರರನ್ನು, ಜೂಜುಕೋರರನ್ನು ಕಾಣುವೆ. ಅವರೂ ಇದೇ ಹೆಸರು ಹೊತ್ತವರೇ, ಅವರನ್ನು ನೋಡಿ ಅನುಕರಿಸಬೇಡ, ಅವರನ್ನು ನೋಡಿ ಓಡಿಯೂ ಹೋಗಬೇಡ, ಒಳ್ಳೆಯವರೂ ಇದ್ದಾರೆ, ಅವರನ್ನು ಹುಡುಕಿಕೋ. ತನ್ನ ಸಂಸ್ಥೆಯ ಕೊರತೆಯನ್ನು ಪ್ರವೇಶದ ದಿನವೇ ಹೊಸಬನ ಮುಂದಿಡುವ ಧೈರ್ಯ ಎಷ್ಟು ಸಂಸ್ಥೆಗಳಿಗಿದೆ, ನೀವೇ ಯೋಚಿಸಿ.

ಎರಡು ಬಾಗಿಲುಗಳ ಮಠ

ಈಗ ಆಫ್ರಿಕದಿಂದ ಇಟಲಿಗೆ ಬರೋಣ. ಅಗಸ್ಟೀನನ ಕಾಲದಿಂದ ಒಂದು ಶತಮಾನಕ್ಕೂ ಮಿಕ್ಕಿ ಕಳೆದಿದೆ. ಪಶ್ಚಿಮದ ರೋಮನ್ ಸಾಮ್ರಾಜ್ಯ ಕುಸಿದಿದೆ. ಪಟ್ಟಣಗಳ ಸಭೆಗಳ ಜೊತೆಗೆ, ಲೌಕಿಕ ಜೀವನವನ್ನು ತೊರೆದು ಒಟ್ಟಿಗೆ ಬಾಳುವ ಸಂನ್ಯಾಸಿಗಳ ಮಠಗಳು ಬೆಳೆದಿವೆ. ನೂರ್ಸಿಯಾದ ಬೆನೆಡಿಕ್ಟ್ ಎಂಬಾತ ಸುಮಾರು 529ರಲ್ಲಿ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿ, ಅದಕ್ಕಾಗಿ 73 ಅಧ್ಯಾಯಗಳ ಒಂದು ಪುಟ್ಟ ನಿಯಮಸಂಹಿತೆಯನ್ನು ಬರೆದನು. ಅವನ ಮುಂದೆ ಒಂದು ಮಾದರಿ ಇತ್ತು. ಕರ್ತೃವಿನ ಹೆಸರು ತಿಳಿಯದ, ‘ಗುರುವಿನ ನಿಯಮ’ ಎಂದು ಕರೆಯಲಾಗುವ, ಇದರ ಮೂರರಷ್ಟು ಉದ್ದದ ಗ್ರಂಥವದು. ಆ ಗ್ರಂಥ ಅತಿಥಿಗಳನ್ನು ಸಂಶಯದಿಂದ ನೋಡುತ್ತದೆ. ಬಂದವರು ಕದಿಯದಂತೆ ಇಬ್ಬರು ಸಂನ್ಯಾಸಿಗಳು ಅವರ ಬಳಿಯೇ ಮಲಗಿ ಕಾಯಬೇಕೆಂದು ಹೇಳುತ್ತದೆ. ಬೆನೆಡಿಕ್ಟ್ ಈ ಮಾದರಿಯಿಂದ ಬಹಳಷ್ಟನ್ನು ತೆಗೆದುಕೊಂಡನು, ಆದರೆ ಈ ಕಾವಲನ್ನು ತೆಗೆದುಕೊಳ್ಳಲಿಲ್ಲ.

ಅವನ ಮಠದ ಬಾಗಿಲಲ್ಲಿ ಒಬ್ಬ ವಿವೇಕಿ ಮುದುಕನನ್ನು ಕೂರಿಸಬೇಕು. ಸಂದೇಶ ಕೇಳಿಕೊಂಡು ಉತ್ತರ ಕೊಡಲು ಬಲ್ಲವನಾಗಿರಬೇಕು, ಅಡ್ಡಾಡುವ ವಯಸ್ಸು ಮೀರಿದವನಾಗಿರಬೇಕು. ಯಾರಾದರೂ ಬಾಗಿಲು ತಟ್ಟಿದರೆ, ಬಡವನೊಬ್ಬ ಕೂಗಿದರೆ, ಅವನು ‘ದೇಓ ಗ್ರಾತಿಯಾಸ್’, ಎಂದರೆ ದೇವರಿಗೆ ಸ್ತೋತ್ರ, ಎಂದು ಓಗೊಡಬೇಕು. ಹೊಸಬರಿಗೆ ಪಾಠ ಹೇಳಿ ಬೇಸತ್ತ ಆ ಕಾರ್ಥೇಜಿನ ಸಭಾಸೇವಕನ ಹೆಸರೇ ಇದು! ಅಲ್ಲಿಗೂ ಇಲ್ಲಿಗೂ ಸಂಬಂಧವಿಲ್ಲ, ಕಾಕತಾಳೀಯ ಅಷ್ಟೆ. ಅತಿಥಿಯನ್ನು ಕ್ರಿಸ್ತನನ್ನೇ ಎದುರುಗೊಂಡಂತೆ ಎದುರುಗೊಳ್ಳಬೇಕು, ಕಾಲು ತೊಳೆಯಬೇಕು. ಬಡವರ, ಯಾತ್ರಿಕರ ವಿಷಯದಲ್ಲಿ ಹೆಚ್ಚಿನ ಕಾಳಜಿ ಬೇಕು. ಏಕೆಂದರೆ ಶ್ರೀಮಂತರಿಗೆ ಗೌರವ ಸಿಗಲು ಅವರ ಮೇಲಿನ ಅಂಜಿಕೆಯೇ ಸಾಕು ಎನ್ನುತ್ತಾನೆ ಬೆನೆಡಿಕ್ಟ್.

ಇದು ಅತಿಥಿಯ ಬಾಗಿಲು. ಇದು ತಟ್ಟಿದ ಕೂಡಲೇ ತೆರೆಯುತ್ತದೆ. ಸದಸ್ಯನಾಗಬೇಕೆಂದು ಬಂದವನ ಬಾಗಿಲು ಬೇರೆ, ಅದು ನಿಧಾನವಾಗಿ ತೆರೆಯುತ್ತದೆ. ಅವನಿಗೆ ಸುಲಭವಾಗಿ ಪ್ರವೇಶ ಕೊಡಬಾರದೆಂದು 58ನೆಯ ಅಧ್ಯಾಯ ಆರಂಭವಾಗುತ್ತದೆ. ನಾಲ್ಕೈದು ದಿನ ಬಾಗಿಲಲ್ಲಿ ಕಾದು, ನಿರಾಕರಣೆಯನ್ನು ತಾಳ್ಮೆಯಿಂದ ಸಹಿಸಿ, ಇನ್ನೂ ಕೇಳುತ್ತಲೇ ಇದ್ದರೆ ಅತಿಥಿಗೃಹದಲ್ಲಿ ಕೆಲವು ದಿನ. ಅಲ್ಲಿಂದ ಹೊಸಬರ ಕೊಠಡಿಗೆ. ಅಲ್ಲಿ ಅವನನ್ನು ನೋಡಿಕೊಳ್ಳಲು ಮನಸ್ಸುಗಳನ್ನು ಗೆಲ್ಲಬಲ್ಲ ಒಬ್ಬ ಹಿರಿಯ. ಎದುರಾಗುವ ಕಷ್ಟಗಳನ್ನೆಲ್ಲ ಮೊದಲೇ ಹೇಳಿಬಿಡಬೇಕು. ಎರಡು ತಿಂಗಳಾದ ಮೇಲೆ ಇಡೀ ಸಂಹಿತೆಯನ್ನು ಮೊದಲಿನಿಂದ ಕೊನೆಯವರೆಗೆ ಅವನಿಗೆ ಓದಿ ಹೇಳಬೇಕು. ನೀನು ಇರಬೇಕಾದದ್ದು ಈ ನಿಯಮದ ಕೆಳಗೆ, ಪಾಲಿಸಬಲ್ಲೆಯಾದರೆ ಇರು, ಇಲ್ಲವಾದರೆ ಹೋಗಲು ಸ್ವತಂತ್ರ ಎಂದು ತಿಳಿಸಬೇಕು. ಇನ್ನು ಆರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಓದು. ಇನ್ನು ನಾಲ್ಕು ತಿಂಗಳ ಮೇಲೆ ಮಗದೊಮ್ಮೆ. ಒಂದು ವರ್ಷದಲ್ಲಿ ಮೂರು ಓದು, ಪ್ರತಿ ಸಲವೂ ಬಾಗಿಲು ತೆರೆದೇ ಇರುತ್ತದೆ. ಅನಂತರವಷ್ಟೇ ಅವನು ತನ್ನ ಕೈಯಾರೆ ಪ್ರತಿಜ್ಞಾಪತ್ರ ಬರೆದು ಬಲಿಪೀಠದ ಮೇಲಿಡಬೇಕು. ಅಕ್ಷರ ಬಾರದವನಾದರೆ ಬೇರೆಯವರು ಬರೆದದ್ದಕ್ಕೆ ಗುರುತು ಹಾಕಬೇಕು. ಅವನು ಉಟ್ಟುಬಂದ ಬಟ್ಟೆಗಳನ್ನು ಎಸೆಯುವುದಿಲ್ಲ, ಉಗ್ರಾಣದಲ್ಲಿ ಜೋಪಾನವಾಗಿ ಇಡುತ್ತಾರೆ. ಮುಂದೊಂದು ದಿನ ಮನಸ್ಸು ಬದಲಿಸಿ ಹೊರಟರೆ ಅವು ಬೇಕಲ್ಲ!

ಒಳಗೆ ಬಂದವನ ಸ್ಥಾನವೇನು? ಬಂದ ಹೊತ್ತಿನ ಪ್ರಕಾರ ಹಿರಿತನ. ಬೆಳಗಿನ ಎರಡನೆಯ ತಾಸಿನಲ್ಲಿ ಬಂದವನು ಮೊದಲನೆಯ ತಾಸಿನಲ್ಲಿ ಬಂದವನಿಗಿಂತ ಕಿರಿಯ, ವಯಸ್ಸು ಮತ್ತು ಅಂತಸ್ತು ಏನೇ ಇರಲಿ. ಹುಟ್ಟಿನಿಂದ ಸ್ವತಂತ್ರನಾದವನನ್ನು ಗುಲಾಮಗಿರಿಯಿಂದ ಬಂದವನಿಗಿಂತ ಮೇಲಿಡಬಾರದು. ಆರನೆಯ ಶತಮಾನದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ಚರ್ಚೆಗೂ ಕ್ರಮವಿದೆ. ಮಹತ್ವದ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು. ಉತ್ತಮವಾದದ್ದು ಅನೇಕ ವೇಳೆ ಕಿರಿಯನಿಗೇ ಹೊಳೆಯುತ್ತದೆ ಎಂಬುದೇ ಅದಕ್ಕೆ ಕಾರಣ. ಹೇಳುವವರು ವಿನಯದಿಂದ ಹೇಳಬೇಕು, ತಮ್ಮ ಮಾತೇ ನಡೆಯಬೇಕೆಂದು ಹಟ ಹಿಡಿಯಬಾರದು. ಕೊನೆಯ ತೀರ್ಮಾನ ಮಾತ್ರ ಮಠಾಧಿಪತಿಯದೇ. ಇದನ್ನು ಇಂದಿನ ಪ್ರಜಾಪ್ರಭುತ್ವವೆಂದು ತಿಳಿದರೆ ತಪ್ಪಾಗುತ್ತದೆ. ತಪ್ಪು ಮಾಡಿದವನಿಗೆ ಮೊದಲು ಎರಡು ಸಲ ಗುಟ್ಟಾಗಿ ಬುದ್ಧಿ ಹೇಳಬೇಕು, ಅದಕ್ಕೂ ಬಗ್ಗದಿದ್ದರೆ ಎಲ್ಲರೆದುರಿಗೆ, ಆಮೇಲೆ ಪಂಕ್ತಿಯಿಂದ ದೂರ. ಹಾಗೆ ದೂರವಿಟ್ಟವನ ಬಳಿಗೂ ಅನುಭವಸ್ಥ ಹಿರಿಯರನ್ನು ಮೆಲ್ಲಗೆ ಕಳುಹಿಸಿ ಸಂತೈಸಬೇಕು. ಮಠ ಬಿಟ್ಟು ಹೋದವನು ತಿದ್ದಿಕೊಳ್ಳುವೆನೆಂದು ಹಿಂದಿರುಗಿದರೆ ಮೂರು ಸಲದವರೆಗೆ ಸೇರಿಸಿಕೊಳ್ಳಬಹುದು, ಆದರೆ ಕೊನೆಯ ಸ್ಥಾನದಲ್ಲಿ. ಅಧಿಕಾರವಿಲ್ಲದವನು ತಾನಾಗಿ ಇನ್ನೊಬ್ಬನನ್ನು ದಂಡಿಸಿದರೆ, ದಂಡಿಸಿದವನೇ ಅಪರಾಧಿ.

ಕೇಳದೆ ಸೇರಿಸಿಕೊಂಡವರು

ಇಷ್ಟು ಎಚ್ಚರದಿಂದ ಕಟ್ಟಿದ ಈ ಸಂಹಿತೆಯಲ್ಲಿಯೇ ಒಂದು ದೊಡ್ಡ ಬಿರುಕಿದೆ. 59ನೆಯ ಅಧ್ಯಾಯದಂತೆ ತಂದೆತಾಯಿಗಳು ತಮ್ಮ ಚಿಕ್ಕ ಮಗನನ್ನು ಮಠಕ್ಕೆ ಅರ್ಪಿಸಬಹುದಿತ್ತು. ಪತ್ರವನ್ನು ಅವರೇ ಬರೆದು, ಮಗುವಿನ ಕೈಯನ್ನು ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಒಪ್ಪಿಸುತ್ತಿದ್ದರು. ವಯಸ್ಕನಿಗೆ ವರ್ಷದಲ್ಲಿ ಮೂರು ಸಲ ಕೇಳುವ ಪ್ರಶ್ನೆಯನ್ನು ಈ ಮಗುವಿಗೆ ಒಂದು ಸಲವೂ ಕೇಳುತ್ತಿರಲಿಲ್ಲ.

ಇದರ ಫಲವೇನೆಂಬುದು ಒಂಬತ್ತನೆಯ ಶತಮಾನದಲ್ಲಿ ಕಾಣಿಸಿತು. ಸಾಕ್ಸನ್ ಸರದಾರನೊಬ್ಬನ ಮಗ ಗೊಟ್‌ಶಾಲ್ಕ್ ಹೀಗೆ ಬಾಲ್ಯದಲ್ಲಿ ಜರ್ಮನಿಯ ಫುಲ್ಡಾ ಮಠಕ್ಕೆ ಅರ್ಪಿತನಾಗಿದ್ದನು. ಬೆಳೆದ ಮೇಲೆ, ಇದು ನನ್ನ ಇಚ್ಛೆಗೆ ವಿರುದ್ಧವಾಗಿ ನಡೆದದ್ದು, ನನ್ನನ್ನು ಬಿಡುಗಡೆ ಮಾಡಿ ಎಂದು ಕೇಳಿದನು. 829ರಲ್ಲಿ ಮೈನ್ಜ್ ನಗರದಲ್ಲಿ ಸೇರಿದ ಧರ್ಮಸಭೆ ಅವನ ಪರವಾಗಿ ತೀರ್ಪು ಕೊಟ್ಟಿತು. ಫುಲ್ಡಾದ ಮಠಾಧಿಪತಿ ರಬಾನುಸ್ ಮೌರುಸ್ ದೊಡ್ಡ ವಿದ್ವಾಂಸ. ಅವನು ಇದನ್ನು ಒಪ್ಪದೆ ಚಕ್ರವರ್ತಿ ಲೂಯಿಯವರೆಗೆ ದೂರು ಒಯ್ದನು, ಮಕ್ಕಳ ಅರ್ಪಣೆಯನ್ನು ಸಮರ್ಥಿಸಿ ಒಂದು ಗ್ರಂಥವನ್ನೂ ಬರೆದನು. ಗೊಟ್‌ಶಾಲ್ಕ್ ಕೊನೆಗೆ ಫುಲ್ಡಾದಿಂದ ಹೊರಬಂದನು, ಸಂನ್ಯಾಸದಿಂದ ಹೊರಬರಲಾಗಲಿಲ್ಲ. ಮುಂದೆ ಫ್ರಾನ್ಸಿನ ಓರ್ಬೇ ಮಠದಲ್ಲಿದ್ದು, ಬೇರೊಂದು ಧಾರ್ಮಿಕ ವಿವಾದದಲ್ಲಿ ಸಿಕ್ಕಿ, ಸೆರೆಯಲ್ಲಿಯೇ ವರ್ಷಗಳನ್ನು ಕಳೆದನು. ರಬಾನುಸನ ವಿದ್ವತ್ತನ್ನು ಗೌರವಿಸುತ್ತಲೇ, ಈ ಪ್ರಕರಣದಲ್ಲಿ ಬೆನೆಡಿಕ್ಟನ ಸಂಹಿತೆಯ 58ನೆಯ ಅಧ್ಯಾಯ ಗೊಟ್‌ಶಾಲ್ಕನ ಪಕ್ಷದಲ್ಲಿತ್ತೆಂದು ಹೇಳದೆ ವಿಧಿಯಿಲ್ಲ.

ಈಗ ಆ ಪದ್ಧತಿಯಿಲ್ಲ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ ಪ್ರಕಾರ ಹದಿನೇಳು ತುಂಬದವರನ್ನು ಹೊಸಬರ ತರಬೇತಿಗೆ ಸೇರಿಸಿಕೊಳ್ಳುವಂತಿಲ್ಲ, ತರಬೇತಿ ಹನ್ನೆರಡು ತಿಂಗಳಿಗೆ ಕಡಿಮೆಯಾದರೆ ಸಿಂಧುವಲ್ಲ. ಬೆನೆಡಿಕ್ಟನ ಒಂದು ವರ್ಷ ಹೀಗೆ ಉಳಿದುಬಂದಿದೆ. ಉಪದೇಶಾರ್ಥಿಗಳ ಹಳೆಯ ಪದ್ಧತಿಯನ್ನೂ ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ನಂತರ, 1972ರಲ್ಲಿ, ಹೊಸ ರೂಪದಲ್ಲಿ ಮತ್ತೆ ಜಾರಿಗೆ ತಂದರು.

ಬೆನೆಡಿಕ್ಟನ ಇನ್ನೊಂದು ಅಧ್ಯಾಯವನ್ನು ನೀವು ತಿಳಿದಿರಬೇಕು, 61ನೆಯದು. ದೂರದ ಊರಿನ ಸಂನ್ಯಾಸಿಯೊಬ್ಬ ಮಠಕ್ಕೆ ಬಂದನೆನ್ನಿ. ಅಲ್ಲಿಯ ರೀತಿನೀತಿಗೆ ಹೊಂದಿಕೊಂಡು ಎಷ್ಟು ದಿನ ಬೇಕಾದರೂ ಇರಲಿ. ಅದು ಬೇಕು ಇದು ಬೇಕೆಂದು ಮಠವನ್ನೇ ಅಲ್ಲೋಲಕಲ್ಲೋಲ ಮಾಡಿದರೆ ಮರ್ಯಾದೆಯಿಂದ ಹೊರಡಲು ಹೇಳಿ. ಆದರೆ ಅವನು ನ್ಯಾಯವಾಗಿ, ಪ್ರೀತಿಯಿಂದ, ಮಠದ ಯಾವುದಾದರೂ ತಪ್ಪನ್ನು ಎತ್ತಿ ತೋರಿಸಿದರೆ? ಆಗ ಮಠಾಧಿಪತಿ ಸಿಟ್ಟಾಗಬಾರದು. ದೇವರು ಇವನನ್ನು ಇದೇ ಕಾರಣಕ್ಕಾಗಿ ಇಲ್ಲಿಗೆ ಕಳುಹಿಸಿರಬಹುದೇ ಎಂದು ಯೋಚಿಸಬೇಕು. ಹಳಬರ ಕಣ್ಣಿಗೆ ರೂಢಿಯಾಗಿ ಹೋದದ್ದು ಹೊಸಬನ ಕಣ್ಣಿಗೆ ಬೀಳುತ್ತದೆಂದು ಸಂಹಿತೆಯೇ ಒಪ್ಪಿಕೊಂಡಂತಾಯಿತು.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೋದರೆ ಆಶೀರ್ವನಂ ಎಂಬ ಮಠವಿದೆ, ಅದು ಬೆನೆಡಿಕ್ಟನ ಪರಂಪರೆಗೆ ಸೇರಿದ್ದು. ಸುಮಾರು ಹದಿನೈದು ಶತಮಾನಗಳ ಹಿಂದೆ ಇಟಲಿಯ ಬೆಟ್ಟವೊಂದರ ಮೇಲೆ ಬರೆದ ಸಂಹಿತೆ ಹೀಗೆ ನಮ್ಮ ನಾಡಿಗೂ ಬಂದಿದೆ. ಬಾಗಿಲು ಕಾಯುವವನನ್ನು ಕುರಿತ ಅಧ್ಯಾಯದ ಕೊನೆಯಲ್ಲಿ ಬೆನೆಡಿಕ್ಟ್ ಒಂದು ಸೂಚನೆ ಸೇರಿಸಿದ್ದಾನೆ. ನನಗೆ ಗೊತ್ತಿರಲಿಲ್ಲ ಎಂದು ಮಠದ ಯಾರೊಬ್ಬನೂ ನೆಪ ಹೇಳದಂತೆ, ಈ ಸಂಹಿತೆಯನ್ನು ಎಲ್ಲರೆದುರಿಗೆ ಆಗಾಗ ಓದಬೇಕು. ಅದರಂತೆ ಬೆನೆಡಿಕ್ಟನ ಪರಂಪರೆಯ ಮಠಗಳಲ್ಲಿ ದಿನಕ್ಕೊಂದು ಭಾಗದಂತೆ ಓದುವ ಪದ್ಧತಿ ಬೆಳೆದುಬಂದಿದೆ. ಜನವರಿ 1ಕ್ಕೆ ಆರಂಭವಾದ ಓದು ಮೇ 1ಕ್ಕೆ ಮುಗಿಯುತ್ತದೆ, ಮೇ 2ಕ್ಕೆ ಮತ್ತೆ ಮೊದಲಿನಿ೦ದ, ಸೆಪ್ಟೆಂಬರ್ 1ಕ್ಕೆ ಮಗದೊಮ್ಮೆ. ವರ್ಷಕ್ಕೆ ಮೂರು ಸಲ, ಹೊಸಬನಿಗೆ ಓದಿ ಹೇಳಿದಷ್ಟೇ ಸಲ, ಐವತ್ತು ವರ್ಷ ಮಠದಲ್ಲಿ ಕಳೆದ ಮುದುಕನೂ ಅದನ್ನು ಕೂತು ಕೇಳುತ್ತಾನೆ.